ಗಂಟಲು ಮನೆಯಲ್ಲಿಟ್ಟು

ಫೆಬ್ರವರಿ 6
ಬೆಳಗಿನ ಪಾಳಿ. ನಾನು ಓಡಿಸುವ ಬಸ್ಸಿನ ಹೀಟರ್ ಮತ್ತೆ ಕೆಟ್ಟಿದೆ. ಡ್ಯೂಟಿ ಮುಗಿಸಿ ಬಸುರಿ ಹೆಂಡತಿ ರೆನೀಟಳನ್ನು ಚೆಕಪ್‌ಗೆ ಕರೆದುಕೊಂಡು ಹೋದೆ. ಕಾಯಿಸಿದರು... ಕಾಯಿಸಿದರು. ನಮ್ಮ ನಂತರ ಬಂದ ಬಿಳಿಯ ದಂಪತಿಗೆ ಮೊದಲು ಕರೆ. ಎದ್ದು ಕೇಳಲು ಹೊರಟವನ ಅಂಗಿ ಜಗ್ಗಿ ಕೂರಿಸಿದಳು.

"ಆಸ್ಪತ್ರೆಗೆ ಬರೋವಾಗ ಗಂಟಲು ಮನೇಲಿಟ್ಟು ಬಾ ಅಂದಿರ್ಲಿಲ್ವಾ ಲೆಮುಯಲ್? ನಿನ್ನಂಥ ಕರಿ ದೈತ್ಯ ಕೂಗಿದ್ರೆ ಅವರು ಡಾಕ್ಟರನ್ನ ಕರೆಯಲ್ಲ ಕಣೋ, ಸೆಕ್ಯುರಿಟಿನ ಕರೀತಾರೆ. ಆಮೇಲೆ ನನ್ನ ಜೊತೆ ಯಾರಿರ್ತಾರೆ, ನಿನ್ನ ಬಸ್ಸಾ?"

ಸರಿ ಮಹಾರಾಯ್ತಿ ಎಂದೆ. ಈ ಮೆಂಫಿಸ್ ಊರಲ್ಲೇ ಕರಿಯನಾಗಿ ಹುಟ್ಟಿ ಬೆಳೆದವನಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕೇ.

ಫೆಬ್ರವರಿ 19
ಹೆಣ್ಣು! ಹೆಸರು ಓಡೆಟ್. ತಾಯಿ, ಮಗು ಕ್ಷೇಮ. ಕಿವಿ ಮಾತ್ರ ನನ್ನದು, ಪಾಪ. ರೆನೀಟಳ ಅಮ್ಮ ವರ್ಲೀನ್ ಅತ್ತೆ ವಾರ್ಡಿನಲ್ಲೇ ಕುಣಿದುಬಿಟ್ಟರು.

ಫೆಬ್ರವರಿ 23
ಮನೆಗೆ ಬಂದ ಮೇಲೆ ರೆನೀಟಳಿಗೆ ಒಂದೇ ಸಮನೆ ತಲೆನೋವು. ಮುಖ ಊದಿದೆ. ಫೋನ್ ಮಾಡಿದರೆ ನರ್ಸ್, "ಹೊಸ ತಾಯಂದಿರಿಗೆ ನಿದ್ದೆ ಸಾಲಲ್ಲ, ಮಾತ್ರೆ ತಗೊಂಡು ಮಲಗೋಕೆ ಹೇಳಿ" ಎಂದಳು. ಅತ್ತೆ ಮಾಡಿದ ಕೋಳಿಸಾರು ಹಾಗೇ ಉಳಿಯಿತು.

ಫೆಬ್ರವರಿ 24, ಸಂಜೆ, ಆಸ್ಪತ್ರೆಯ ಪಾರ್ಕಿಂಗ್
ಬರೆಯದಿದ್ದರೆ ಏನಾದರೂ ಒಡೆದುಹಾಕುತ್ತೇನೆ.

ಬೆಳಿಗ್ಗೆ ಕಣ್ಣ ಮುಂದೆ ಮಿಂಚು ಹೊಡೆದ ಹಾಗಾಗುತ್ತಿದೆ ಎಂದಳು. ಮಗುವನ್ನು ಅತ್ತೆಯ ಕೈಗಿಟ್ಟು ಸೀದಾ ಎಮರ್ಜೆನ್ಸಿಗೆ. ಬಿಪಿ ನೋಡಿದ ನರ್ಸ್ ಹುಬ್ಬೇರಿಸಿದಳು, ಬರೆದುಕೊಂಡಳು, ಕೂತಿರಿ ಎಂದಳು. ಕೂತೆವು. ಮಧ್ಯಾಹ್ನ ದಾಟಿತು. ಮತ್ತೆ ಮತ್ತೆ ಕೌಂಟರಿಗೆ ಹೋಗಿ ಕೈ ಕಟ್ಟಿ ನಿಂತು ಕೇಳಿದೆ — "ಮೇಡಂ, ದಯವಿಟ್ಟು... ಬಾಣಂತಿ..."

"ಇಲ್ಲಿ ಎಲ್ಲರಿಗೂ ಅರ್ಜೆಂಟೇ ಸರ್."

ರೆನೀಟ ನನ್ನ ಮಣಿಕಟ್ಟು ಬಿಡಲೇ ಇಲ್ಲ. "ಮೆಲ್ಲಗೆ ಕಣೋ. ಮೆಲ್ಲಗೆ." ಆಮೇಲೆ ಗಡಿಯಾರ ಎರಡೆರಡು ಕಾಣ್ತಿದೆ ಎಂದಳು.

ಕೂಗಿದೆ. ಇಡೀ ಹಾಲ್ ತಿರುಗಿ ನೋಡುವ ಹಾಗೆ ಕೂಗಿದೆ. ಇಬ್ಬರು ಗಾರ್ಡುಗಳು ತೋಳು ಹಿಡಿದು ಹೊರಗೆ ಹಾಕಿದರು. ಬೆನ್ನ ಹಿಂದೆ ಸ್ಟ್ರೆಚರ್ ಚಕ್ರದ ಸದ್ದು. ಅಂದರೆ ಈಗ ಒಳಗೆ ಕರೆದುಕೊಂಡರು. ನಾನಿಲ್ಲದೆ. ಅತ್ತೆಗೆ ಫೋನ್ ಮಾಡಿದ್ದೇನೆ, ಇನ್ನೂ ದಾರಿಯಲ್ಲಿದ್ದಾರೆ. ದೇವರೇ, ಅವಳ ಹತ್ತಿರ ಯಾರೂ ಇಲ್ಲ.

ಮಾರ್ಚ್ 21
ರೆನೀಟ ಇಲ್ಲ. ಇಷ್ಟು ಬರೆಯಲು ಇಷ್ಟು ದಿನ ಬೇಕಾಯಿತು.

ಅತ್ತೆ ತಲುಪುವ ಮೊದಲೇ ಫಿಟ್ಸ್. ಮಿದುಳಿನಲ್ಲಿ ರಕ್ತ ಸೋರಿತ್ತಂತೆ. ಬಿಪಿಯನ್ನು ಬೆಳಿಗ್ಗೆಯೇ ಇಳಿಸಿದ್ದರೆ ಬದುಕುತ್ತಿದ್ದಳು. ಅದನ್ನು ಬಾಯಿಬಿಟ್ಟು ಹೇಳಿದ ಡಾಕ್ಟರ್ ಒಬ್ಬನೇ. ಅವನೂ ನೆಲ ನೋಡಿಕೊಂಡು ಹೇಳಿದ. ಅವನ ಮೇಲೂ ಸಿಟ್ಟು. ನನ್ನ ಮೇಲೂ.

"ಮೆಲ್ಲಗೆ ಕೇಳಿದ್ದೂ ತಪ್ಪಲ್ಲ ಮಗಾ, ಕೂಗಿದ್ದೂ ತಪ್ಪಲ್ಲ" ಅಂದರು ಅತ್ತೆ. ಓಡೆಟ್‌ಗೆ ಬಾಟಲಿ ಹಿಡಿದುಕೊಂಡೇ ಅತ್ತರು.

ಏಪ್ರಿಲ್ 30
ಚರ್ಚಿನ ಹಾಲ್‌ನಲ್ಲಿ ಬಸುರಿಯರ ಕೂಟ. ಅತ್ತೆ ಎಳೆದುಕೊಂಡು ಹೋದರು. ಸೂಲಗಿತ್ತಿ ಮಿಸ್ ಆಲ್ಬರ್ಟ ಮನೆಗೊಂದರಂತೆ ಬಿಪಿ ಮೆಷೀನ್ ಹಂಚಿದರು. "ಆಸ್ಪತ್ರೆಗೆ ಜೊತೇಲಿ ಇಬ್ರು ಹೋಗಿ. ಒಬ್ಬರನ್ನ ಹೊರಗೆ ಹಾಕಿದ್ರೂ ಇನ್ನೊಬ್ರು ಇರ್ತೀರಿ" ಎಂದರು. ಇಷ್ಟು ಸುಲಭದ ಮಾತನ್ನು ನಮಗೆ ಯಾರೂ ಹೇಳಲಿಲ್ಲವಲ್ಲ.

ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನಡೆದದ್ದೆಲ್ಲ ಹೇಳಿದೆ. ಹಿಂದಿನ ಸಾಲಿನಲ್ಲಿ ಒಬ್ಬ ಎದ್ದ. ನನಗಿಂತ ಎತ್ತರ, ನನಗಿಂತ ಕಪ್ಪು. ಪಕ್ಕದಲ್ಲಿ ತುಂಬುಬಸುರಿ ಹೆಂಡತಿ.

"ನಾನೊಬ್ನೇ ಇದ್ರೆ? ಅವಾಗ ಕೂಗಬೇಕಾ ಅಣ್ಣ, ಬೇಡ್ವಾ?"

ಎಲ್ಲರೂ ನನ್ನನ್ನೇ ನೋಡಿದರು. ಅವನ ಹೆಂಡತಿಯೂ.

ಬಾಯಿ ತೆರೆದೆ. ಅವನಿಗೆ ಹೇಳಿದೆ — "ಒಬ್ನೇ ಇರ್ಬೇಡ ತಮ್ಮಾ, ನಂಗೆ ಫೋನ್ ಮಾಡು; ಕೂಗೋದು ನಾನು, ಹೊರಗೆ ಹಾಕಿದ್ರೆ ನನ್ನನ್ನ ಹಾಕ್ಲಿ, ನೀನು ಅವಳ ಕೈ ಬಿಡ್ಬೇಡ."