ಪರದೆ ಕಪ್ಪಾಗಿದೆ, ಇನ್ನೊಂದು ಹೊಲಿಯಿರಿ ಎಂದಿರಲ್ಲ

ಕರೆಂಟು ಕಂಬದ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡಿರುವ ಆಸ್ಪತ್ರೆಯ ಆಡಳಿತಾಧಿಕಾರಿಗಳೇ,

ನಿಮ್ಮ ಆಂಬುಲೆನ್ಸ್‌ಗಳು ನಿಂತಲ್ಲೇ ನಿಂತು, ಎಂಜಿನ್ ಆರಿಸದೆ ದಿನವಿಡೀ ಹೊಗೆ ಉಗುಳುತ್ತವೆ. ಆ ಹೊಗೆ ನೇರವಾಗಿ ಮೇಲಿನ ವಾರ್ಡಿಗೆ ನುಗ್ಗುತ್ತದೆ. ಅದು ಶ್ವಾಸಕೋಶದ ವಾರ್ಡು. ಉಸಿರಾಡಲಾರದವರನ್ನು ಹುಡುಕಿ ಹೊಗೆಯ ಮೇಲೆಯೇ ಮಲಗಿಸುವ ಈ ಏರ್ಪಾಡು ಯಾರ ತಲೆಯಲ್ಲಿ ಹುಟ್ಟಿತೋ, ಅವರಿಗೊಂದು ಪದಕ ಕೊಡಲೇಬೇಕು.

ಅಲ್ಲಿ ಕಿಟಕಿ ಪಕ್ಕದ ಹಾಸಿಗೆಯಲ್ಲಿ ನನ್ನ ಅಕ್ಕ ಇದ್ದಾಳೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಸೂಜಿಗೆ ದಾರ ಪೋಣಿಸಲು ಕಲಿಸಿದವಳು. ನಾನು ದರ್ಜಿ. ಈಗ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿ ಬಂದು ಅವಳ ಕಿಟಕಿ ಕಾಯುತ್ತೇನೆ. ತೆರೆದರೆ ಹೊಗೆ, ಮುಚ್ಚಿದರೆ ಸೆಕೆಗೆ ಉಬ್ಬಸ, ಮುಚ್ಚಿದರೂ ಸಂದಿಯಿಂದ ಮತ್ತೆ ಹೊಗೆ. ಸಂದಿಗೆ ಒದ್ದೆ ಟವೆಲ್ ತುರುಕಿದರೆ ಅದೂ ಸಂಜೆಯೊಳಗೆ ಮಸಿ. ಬೇರೆ ಹಾಸಿಗೆ ಖಾಲಿಯಿಲ್ಲ ಎನ್ನುತ್ತಾರೆ ಡಾಕ್ಟರು. ಕಳೆದ ವಾರ ಅವಳ ಕೆಮ್ಮು ಕೇಳಲಾರದೆ ಕೆಳಗಿಳಿದು ಚಾಲಕನೊಬ್ಬನ ಮೇಲೆ ಹರಿಹಾಯ್ದೆ.

"ಆಫ್ ಮಾಡೋದು ನಂಗೂ ಗೊತ್ತಣ್ಣ" ಎಂದ. "ಮಾಡಿದ್ರೆ ಒಳಗಿರೋ ಮಷಿನ್‌ಗಳ ಚಾರ್ಜ್ ಇಳಿಯುತ್ತೆ. ದಾರೀಲಿ ಯಾರದೋ ಉಸಿರು ನಿಂತಾಗ ಮಷಿನ್ನೂ ನಿಂತ್ರೆ ನಾನೇನ್ ಮಾಡ್ಲಿ? ಚಾರ್ಜ್ ಮಾಡೋಕೆ ಅಂತಾನೇ ಆ ಕಂಬ ನೆಟ್ಟಿದಾರೆ. ವೈರ್ ಸಿಕ್ಕಿಸಿದ್ರೆ ಎಂಜಿನ್ನೇ ಬೇಡ. ಆದ್ರೆ ಅದರ ಪೆಟ್ಟಿಗೆಗೆ ಬೀಗ ಜಡಿದಿದಾರಲ್ಲ."

"ಯಾಕಂತೆ?"

"ಉದ್ಘಾಟನೆ ಆಗಿಲ್ವಂತೆ."

ತಿರುಗಿ ನೋಡಿದೆ. ಕಂಬದ ಮೇಲೆ ಚಿನ್ನದ ಅಂಚಿನ ಕೆಂಪು ಮಖಮಲ್ಲಿನ ಪರದೆ. ಮಸಿ ಹಿಡಿದಿದ್ದರೂ ಗುರುತು ಹತ್ತಿತು, ಅದರ ಹೊಲಿಗೆ ನನ್ನದೇ! "ಸಾಹೇಬ್ರು ಹಗ್ಗ ಎಳೆದ್ರೆ ಸರಾಗವಾಗಿ ಸರೀಬೇಕು" ಎಂದು ಹೇಳಿ ನಿಮ್ಮ ಕಚೇರಿಯವರು ಹೊಲಿಸಿಕೊಂಡು ಹೋದದ್ದು. ಯಾವುದೋ ಕಲ್ಲಿನ ಫಲಕಕ್ಕಿರಬೇಕು ಅಂದುಕೊಂಡಿದ್ದೆ.

ಮಾನ್ಯರೇ, ತಮಗೆ ಬಿಡುವಿಲ್ಲ ಎಂಬುದು ಅರ್ಥವಾಗುತ್ತದೆ. ಹಗ್ಗ ಎಳೆಯುವುದೆಂದರೆ ಸಾಮಾನ್ಯ ಕೆಲಸವೇ? ಫೋಟೋದವರು ಬರಬೇಕು, ಮೈಕು ಬರಬೇಕು, ಚಪ್ಪಾಳೆಗೆ ಜನ ಸೇರಬೇಕು. ಆದರೆ ವಿದ್ಯುತ್ತು ತಮ್ಮ ಭಾಷಣ ಕೇಳಿದ ಮೇಲೆಯೇ ಹರಿಯುತ್ತದೆಯೇ? ಅಲ್ಲಿಯವರೆಗೆ ಉಸಿರಾಟವನ್ನು ಮುಂದೂಡಿ ಎಂದು ವಾರ್ಡಿನವರಿಗೆ ಹೇಳಲೇ? ಅವತ್ತು ವಾರ್ಡಿಗೆ ಮರಳಿ, ಚಾಲಕನನ್ನು ಬೈದು ಬಂದೆ ಎಂದಾಗ ಅಕ್ಕ ಮುಖ ತಿರುಗಿಸಿದಳು. "ಆ ಗಾಡೀಲೇ ಅಲ್ವೇನೋ ನಾನು ಬದುಕಿ ಬಂದಿದ್ದು? ಅವ್ರನ್ನ ಬೈಬೇಡ" ಎಂದಳು. ಅಷ್ಟು ಹೇಳುವುದರೊಳಗೆ ನಡುನಡುವೆ ನಿಂತು ಉಸಿರೆಳೆದುಕೊಂಡಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಆ ಸಿಟ್ಟು ಆರುವ ಮೊದಲೇ, ಮೊನ್ನೆ ನಿಮ್ಮ ಕಚೇರಿಯಿಂದ ಫೋನು. "ಟೈಲರ್, ಆ ಪರದೆ ಹೊಗೆಗೆ ಕಪ್ಪಾಗ್ಬಿಟ್ಟಿದೆ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ. ಬಟ್ಟೆ ಕಳಿಸ್ತೀವಿ, ಇನ್ನೊಂದು ಹೊಲೀರಿ." ಅಂತೂ ಪರದೆ ಕಪ್ಪಾದದ್ದು ನಿಮ್ಮ ಕಣ್ಣಿಗೆ ಬಿತ್ತು! ಬಟ್ಟೆಯ ಗತಿಯೇ ಹೀಗಾದರೆ ಮೇಲಿರುವ ಎದೆಗಳ ಗತಿ ಏನೆಂದು ಫೋನು ಮಾಡಿದವರಿಗಾಗಲಿ, ಮಾಡಿಸಿದ ತಮಗಾಗಲಿ ಹೊಳೆಯಲೇ ಇಲ್ಲವೇ? ಪರದೆಯಾದರೆ ಇನ್ನೊಂದು ಹೊಲಿದೇನು. ಅಕ್ಕನಿಗೆ ಇನ್ನೊಂದು ಜೊತೆ ಶ್ವಾಸಕೋಶ ಹೊಲಿದುಕೊಡುವುದು ನನ್ನಿಂದಾಗದ ಕೆಲಸ.

ನನ್ನ ಬೇಡಿಕೆ ಇಷ್ಟೇ. ಆ ಬೀಗದ ಕೈಯನ್ನು ಇವತ್ತೇ ಚಾಲಕರಿಗೆ ಕೊಡಿ. ಉದ್ಘಾಟನೆಯನ್ನು ಯಾವಾಗ ಬೇಕಾದರೂ ಮಾಡಿಕೊಳ್ಳಿ, ಮುಂದಿನ ಸಾಲಿನಲ್ಲಿ ಕೂತು ನಾನೇ ಚಪ್ಪಾಳೆ ತಟ್ಟುತ್ತೇನೆ.

ಅಂದಹಾಗೆ, ತಾವು ಕಳಿಸಿದ ಹೊಸ ಮಖಮಲ್ಲು ನಿನ್ನೆ ಕೈಸೇರಿತು. ಒಳಗೆ ಹತ್ತಿ ತುಂಬಿ, ಉದ್ದನೆಯ ದಿಂಬಿನ ಹಾಗೆ ಹೊಲಿದು ಅಕ್ಕನ ಕಿಟಕಿಯ ಸಂದಿಗೆ ಒತ್ತಿದ್ದೇನೆ. ಟವೆಲಿಗಿಂತ ಚೆನ್ನಾಗಿ ಕೂತಿದೆ. ಚಿನ್ನದ ಅಂಚು ಅವಳಿಗೆ ಕಾಣಲಿ ಎಂದು ಒಳಮುಖ ಮಾಡಿದ್ದೇನೆ. ಸಮಾರಂಭಕ್ಕೆ ಅದು ಬೇಕೇ ಬೇಕೆನಿಸಿದರೆ ತಾವೇ ಬಂದು ಎಳೆದುಕೊಂಡು ಹೋಗಿ. ಆದರೆ ಅವಳ ಹಾಸಿಗೆಯ ಪಕ್ಕದಲ್ಲಿ ನಿಂತು, ಅವಳು ನೋಡುತ್ತಿರುವಾಗಲೇ ಎಳೆಯಬೇಕಾಗುತ್ತದೆ.

ಇಂತಿ,
ಅಷ್ಟು ಚೆನ್ನಾಗಿ ಯಾಕಾದರೂ ಹೊಲಿದೆನೋ ಎಂದು ಕೊರಗುತ್ತಿರುವ,
ತಮ್ಮ ಪರದೆಯ ದರ್ಜಿ