ಅಕ್ಕಿ ಮೂಟೆಯ ಮೇಲಿನ ಕಂಪ್ಯೂಟರು ಮತ್ತು ತಾವು ಕೇಳಿದ ಒಂದು ಹೆಸರು

ಮಾನ್ಯ ಪರಿಶೀಲನಾಧಿಕಾರಿಗಳೇ,

ನಮ್ಮ ‘ಕಟ್ಟೆ’ ಎಂಬ ಜಾಲತಾಣದಲ್ಲಿ ‘ಖಾಲಿ ಕೊಡ’ ಎಂಬ ಹೆಸರಿನಲ್ಲಿ ಬರೆದವರು ಯಾರು, ಅವರ ನಿಜವಾದ ಹೆಸರು, ಫೋನ್ ನಂಬರು, ವಿಳಾಸ ಏನು ಎಂದು ಏಳು ದಿನದೊಳಗೆ ತಿಳಿಸಬೇಕೆಂದು ನೋಟಿಸು ಕಳಿಸಿದ್ದೀರಿ. ನನಗೆ ತಿಳಿದಿಲ್ಲ, ತಿಳಿದಿದ್ದರೂ ತಿಳಿಸುತ್ತಿರಲಿಲ್ಲ. ಇದನ್ನೇ ಮರಾಠಿಯಲ್ಲಿ ಎರಡು ಸಲ ಬರೆದುಕೊಟ್ಟೆ. ಎರಡಕ್ಕೂ ತಮ್ಮ ಕಚೇರಿಯ ಸೀಲು ಬಿತ್ತೇ ಹೊರತು ಉತ್ತರ ಬರಲಿಲ್ಲ. ಆದ್ದರಿಂದ ಈ ಸಲ ನನಗೆ ಜಗಳಕ್ಕೆ ಒಗ್ಗುವ ಭಾಷೆಯಲ್ಲಿ, ಎಲ್ಲರ ಮುಂದೆ ಬರೆಯುತ್ತಿದ್ದೇನೆ. ‘ಖಾಲಿ ಕೊಡ’ದ ಕನ್ನಡ ಬರಹವನ್ನು ಅನುವಾದ ಮಾಡಿಸಿಕೊಂಡವರು ಇದನ್ನೂ ಮಾಡಿಸಿಕೊಳ್ಳಬಹುದು.

ನಮ್ಮನ್ನು ‘ಬೃಹತ್ ಸಾಮಾಜಿಕ ಜಾಲತಾಣ ಸಂಸ್ಥೆ’ ಎಂದು ಕರೆದದ್ದಕ್ಕೆ ಮೊದಲು ವಂದನೆಗಳು. ನನ್ನ ಹೆತ್ತವರೂ ನನ್ನನ್ನು ಇಷ್ಟು ದೊಡ್ಡದಾಗಿ ಕಂಡವರಲ್ಲ. ಮುಖ್ಯ ಕಚೇರಿಯ ವಿಳಾಸ ಕೇಳಿದ್ದೀರಿ, ಬರೆದುಕೊಳ್ಳಿ: ಪ್ರೇಮಾವತಿ ಅಮ್ಮನ ಹೋಟೆಲಿನ ಉಗ್ರಾಣ, ಇಡ್ಲಿ ಅಕ್ಕಿ ಮೂಟೆಗಳ ಮೇಲಿನ ಹಲಗೆ. ಅಲ್ಲಿ ನನ್ನ ಹಳೆಯ ಕಂಪ್ಯೂಟರು ಕೂತಿದೆ. ಮಗರಪಟ್ಟಾದಲ್ಲಿ ಕಂಪನಿಯ ಕೆಲಸ ಮುಗಿಸಿ ಬಂದು ನಾನೂ ಇಬ್ಬರು ಗೆಳೆಯರೂ ಅದನ್ನು ನೋಡಿಕೊಳ್ಳುತ್ತೇವೆ. ಪುಣೆಯ ಆರುನೂರು ಚಿಲ್ಲರೆ ಕನ್ನಡಿಗರು ಅಲ್ಲಿ ಬರೆಯುತ್ತಾರೆ. ಸೊಲ್ಲಾಪುರದವರದು ಬೇರೆ ಕಟ್ಟೆ, ಬೆಳಗಾವಿಯವರದು ಬೇರೆ. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೂ ಹೋಗುತ್ತದೆ, ಆದರೆ ಯಾರಿಗೂ ಯಾರೂ ಯಜಮಾನರಲ್ಲ. ಇದು ತಮ್ಮ ಸಿಬ್ಬಂದಿಗೆ ಅರ್ಥವೇ ಆಗಲಿಲ್ಲ. “ನಿಮ್ಮ ಮೇಲೆ ಯಾರಿದ್ದಾರೆ?” ಎಂದು ಫೋನಿನಲ್ಲಿ ಮೂರು ಸಲ ಕೇಳಿದರು. ನಮ್ಮ ಮೇಲೆ ಹಪ್ಪಳದ ಡಬ್ಬಗಳಿವೆ.

ಜವಾಬ್ದಾರಿಯುತ ಅಧಿಕಾರಿಯೊಬ್ಬರನ್ನು ನೇಮಿಸಬೇಕಂತೆ. ಪ್ರೇಮಾವತಿ ಅಮ್ಮನಿಗೆ ಓದಿ ಹೇಳಿದೆ. “ನಾನೇ ಆಗ್ತೇನೆ ಮಾರಾಯ್ತಿ. ಆದ್ರೆ ಹತ್ತು ಗಂಟೆವರೆಗೆ ಇಡ್ಲಿ ಗಡಿಬಿಡಿ ಉಂಟು, ಆಮೇಲೆ ಬರ್ಲಿಕ್ಕೆ ಹೇಳು ಅವರಿಗೆ” ಎಂದರು. ನಗಬೇಡಿ, ಅವರೇ ನಮ್ಮ ನಿಜವಾದ ಅಧಿಕಾರಿ. ಕಟ್ಟೆಗೆ ಸೇರಬೇಕಾದರೆ ಇಬ್ಬರು ಹಳಬರು ಕರೆತರಬೇಕು, ಹೋಟೆಲಿನಲ್ಲಿ ಕೂತು ಒಂದು ಕಾಫಿ ಕುಡಿಯಬೇಕು. ಬಂದದ್ದು ಮನುಷ್ಯರೇ, ಯಂತ್ರವಲ್ಲ ಎಂದು ಅಮ್ಮ ತಲೆಯಾಡಿಸಿದರೆ ಮುಗಿಯಿತು. ಹೆಸರು ಬರೆದುಕೊಳ್ಳುವುದಿಲ್ಲ, ನಂಬರು ಕೇಳುವುದಿಲ್ಲ. ಯಾವ ಹೆಸರಿನಲ್ಲಿ ಬರೆಯಬೇಕೆಂದು ಅವರೇ ಮನೆಗೆ ಹೋಗಿ ಆರಿಸಿಕೊಳ್ಳುತ್ತಾರೆ. ಅಮ್ಮನನ್ನು ವಿಚಾರಣೆಗೆ ಕರೆದರೆ, ಯಾರು ಎಷ್ಟು ಸಕ್ಕರೆ ಹಾಕಿಸಿಕೊಂಡರು ಎಂಬುದನ್ನು ಹೇಳಿಯಾರು.

ಇಷ್ಟು ಗುಟ್ಟೇಕೆ ಎಂದು ಕೇಳಿದ್ದೀರಿ. ಭಾಮಾ ಎಂಬ ಗೆಳತಿಯ ಕಾರಣಕ್ಕೆ. ಅವಳ ಹೆಸರನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ನಾಲ್ಕು ವರ್ಷದ ಹಿಂದೆ ನಾನು ಪುಣೆ ಕನ್ನಡಿಗರ ವಾಟ್ಸ್ಆ್ಯಪ್ ಗುಂಪೊಂದರ ಅಡ್ಮಿನ್ ಆಗಿದ್ದೆ. ತಾನಿದ್ದ ಪಿ.ಜಿ.ಯ ಸಾರಿನಲ್ಲಿ ಜಿರಳೆ ಸಿಕ್ಕಿತೆಂದು ಅವಳು ಅಲ್ಲಿ ಬರೆದಳು. ಪಿ.ಜಿ.ಯ ಮಾಲೀಕರೂ ಅದೇ ಗುಂಪಿನಲ್ಲಿದ್ದರು. ನಮ್ಮ ಕಡೆಯವರು, ಪಾಪ, ಇರಲಿ ಎಂದು ಸೇರಿಸಿದ್ದವಳು ನಾನೇ. ಅವಳ ನಂಬರು ಅವರ ಕಣ್ಣೆದುರಿಗೇ ಇತ್ತು. ಸಂಜೆ ಐದಕ್ಕೆ ಶಿವಾಜಿನಗರದ ಬಸ್ ಸ್ಟ್ಯಾಂಡಿನಿಂದ ಫೋನ್ ಬಂತು: “ಇಂಪನಾ, ನನ್ನ ಸಾಮಾನೆಲ್ಲಾ ಹೊರಗ ಇಟ್ಟಾರ. ಈಗ ಎಲ್ಲಿಗೆ ಹೋಗ್ಲಿ?” ನಾನು ಹೋದಾಗ ಎರಡು ಚೀಲದ ನಡುವೆ ನಿಂತಿದ್ದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆವತ್ತಿನ ನಾಚಿಕೆಯಿಂದ ಹುಟ್ಟಿದ್ದು ಈ ಕಟ್ಟೆ.

ಇನ್ನು ತಮ್ಮ ಪಾರಿವಾಳದ ವಿಷಯ. ‘ಖಾಲಿ ಕೊಡ’ ಬರೆದದ್ದು ಇಷ್ಟು: “ಬಿಲ್ಡಿಂಗಿನ ನೀರಿನ ಟಾಕಿಯೊಳಗ ಪಾರಿವಾಳ ಸತ್ತು ಬಿದ್ದದ. ನಾಕು ದಿನ ಆತು ಹೇಳಾಕತ್ತಿ, ಯಾರೂ ಕೇಳವಲ್ರು. ಇದೇ ನೀರಾಗ ನಾ ಐದು ಮನಿ ಅಡಿಗಿ ಮಾಡ್ತೀನ್ರಿ.” ಜೊತೆಗೊಂದು ಫೋಟೋ. ಕಟ್ಟೆಯ ನಿಯಮವೆಂದರೆ, ಬರೆದದ್ದನ್ನು ತಿದ್ದಬಹುದು, ಆದರೆ ಮೊದಲು ಬರೆದದ್ದೂ ಕೆಳಗೆ ಕಾಣುತ್ತಿರುತ್ತದೆ. ಅಳಿಸಿ ಸಾಚಾ ಆಗುವಂತಿಲ್ಲ. ಆ ಬಿಲ್ಡಿಂಗಿನ ಸೊಸೈಟಿ ಕಮಿಟಿಯಲ್ಲಿರುವ, ಕಟ್ಟೆಯಲ್ಲೂ ಬರೆಯುವ ಸದಸ್ಯರೊಬ್ಬರಿಗೆ ಇದು ಮರೆತುಹೋಯಿತು. ಮೊದಲು ‘ಪಾರಿವಾಳವೇ ಇಲ್ಲ’ ಎಂದು ಬರೆದರು. ಇಬ್ಬರು ಹೋಗಿ ನೋಡಿಬಂದ ಮೇಲೆ ‘ಇದೆ, ಆದರೆ ಟಾಕಿ ನಮ್ಮದಲ್ಲ’ ಎಂದು ತಿದ್ದಿದರು. ಸಂಜೆಗೆ ‘ನಮ್ಮದೇ, ಆದರೆ ಈಗ ತೆಗೆಸಿದ್ದೇವೆ’ ಎಂದರು. ಮೂರೂ ಒಂದರ ಕೆಳಗೊಂದು ಈಗಲೂ ಇವೆ. ಇವರ ದೂರಿನ ಮೇಲೆ ತಾವು ‘ಸುಳ್ಳು ಸುದ್ದಿ’ ಎಂದು ನೋಟಿಸು ಬರೆದಿರಲ್ಲ, ಈ ಮೂರರಲ್ಲಿ ತಾವು ನಂಬಿದ್ದು ಯಾವುದನ್ನು ಸ್ವಾಮಿ?

ಆ ಕಟ್ಟಡಕ್ಕೆ ದಿನಾ ಅಡುಗೆಗೆ ಬರುವವರು ಐವತ್ತು ಜನ. ಐವತ್ತರಲ್ಲಿ ಒಬ್ಬರಾಗಿ ಉಳಿಯುವುದೇ ‘ಖಾಲಿ ಕೊಡ’ಕ್ಕೆ ಇರುವ ರಕ್ಷಣೆ. ಹೆಸರು ಸಿಕ್ಕ ಮರುದಿನವೇ ಆ ಐದು ಮನೆಯ ಬಾಗಿಲೂ ಮುಚ್ಚುತ್ತವೆ. ಕಮಿಟಿಗೆ ಬೇಕಾಗಿರುವುದು ಅಷ್ಟೇ. ತಮಗೂ ಅಷ್ಟೇ ಬೇಕೇ?

ಕಳೆದ ವಾರ ಹೊಸಬರೊಬ್ಬರು ಕಟ್ಟೆಯಲ್ಲಿ ಬರೆದರು: “ನಮ್ಮ ಸಾಹೇಬ್ರು ಭಾಳ ಶ್ಯಾಣ್ಯಾರು, ಕಾಗದ ಓದದೇ ಸಹಿ ಮಾಡ್ತಾರ. ಹಿಂಗ ಬರದ್ರ ನನ್ನ ಹೆಸರು ಹೊರಗ ಬರೂದಿಲ್ಲಲ್ರಿ?” ಯಾವ ಕಚೇರಿಯವರೋ ನನಗೆ ತಿಳಿಯದು. ಪುಣೆಯಲ್ಲಿ ಕಚೇರಿಗಳಿಗೂ ಬರವಿಲ್ಲ, ಓದದೇ ಸಹಿ ಮಾಡುವ ಸಾಹೇಬರಿಗೂ ಬರವಿಲ್ಲ. ತಾವಂತೂ ಅಲ್ಲ, ಇಲ್ಲಿಯವರೆಗೆ ಓದಿದ್ದೀರಲ್ಲ. ‘ಬರುವುದಿಲ್ಲ’ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ. ಅವರಿಗೊಂದು ನ್ಯಾಯ, ಅಡುಗೆಯವರಿಗೊಂದು ನ್ಯಾಯ ಮಾಡಲಾರೆ.

ಆದ್ದರಿಂದ ನೋಟಿಸನ್ನು ಲಿಖಿತವಾಗಿ ಹಿಂದಕ್ಕೆ ಪಡೆಯಿರಿ. ಖರ್ಚಾದ ಸೀಲಿಗೆ ಬೇಸರವಾದರೆ, ಟಾಕಿ ತೊಳೆದು ಎಷ್ಟು ತಿಂಗಳಾಯಿತೆಂದು ಅದೇ ಸೀಲು ಒತ್ತಿ ಕಮಿಟಿಯನ್ನು ಕೇಳಿ. ಬಿಡುವಾದಾಗ ತಾವೂ ಹತ್ತರ ಮೇಲೆ ಬನ್ನಿ, ಕಾಫಿ ಕುಡಿಯಿರಿ, ಯಾರೂ ಹೆಸರು ಕೇಳುವುದಿಲ್ಲ. ತಮ್ಮ ಮೇಲಿನ ಸಾಹೇಬರ ಬಗ್ಗೆ ಮನಸ್ಸಿನಲ್ಲಿ ಇರುವುದನ್ನು ಬರೆಯಿರಿ. ಬರೆದವರು ಯಾರೆಂದು ಅವರು ನನಗೆ ನೋಟಿಸು ಕಳಿಸಿದರೆ, ಅವರಿಗೂ ಇದೇ ಪತ್ರವನ್ನು ಕಳಿಸುತ್ತೇನೆ.

ಇಂತಿ,
ಒಂದು ಕಾಲದ ಬೇಜವಾಬ್ದಾರಿ ಅಡ್ಮಿನ್, ಈಗ ಅಕ್ಕಿ ಮೂಟೆಯ ಕಾವಲುಗಾರ್ತಿ,
ಇಂಪನಾ
(ಕಟ್ಟೆಯ ಕಡೆಯಿಂದ ತಮಗೆ ಸಿಗುವ ಹೆಸರು ಇದೊಂದೇ.)