ನಮ್ಮ ತಂಡ ನಿಮ್ಮ ಪಟ್ಟಿಯಲ್ಲಿ ಎಷ್ಟನೆಯದು?

ಬಾಗಿಲು ಹಾಕಿಕೊಂಡು ಪಟ್ಟಿ ಮಾಡುವ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಇಪ್ಪತ್ತಮೂರು ಆಟ ಗೆದ್ದು ಆರು ಸೋತ ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡವನ್ನು ಈ ಮಾರ್ಚ್ ೯ರ ಭಾನುವಾರ ತಾವು ರಾಷ್ಟ್ರೀಯ ಟೂರ್ನಮೆಂಟಿನಿಂದ ಹೊರಗಿಟ್ಟಿರಿ. ಹತ್ತೊಂಬತ್ತು ಗೆದ್ದು ಹನ್ನೊಂದು ಸೋತ ಇನ್ನೊಂದು ತಂಡವನ್ನು ಒಳಗೆ ಕರೆದಿರಿ. ಆ ತಂಡವನ್ನು ನಾವು ಇದೇ ವರ್ಷ ಎರಡು ಸಲ ಸೋಲಿಸಿದ್ದೆವು. ಯಾಕೆ ಹೀಗಾಯಿತು ಎಂದು ಇಂಗ್ಲಿಷಿನಲ್ಲಿ ಬರೆದು ಕೇಳಿದೆ. ತಮ್ಮ ಕಚೇರಿಯಿಂದ ಅಚ್ಚು ಹಾಕಿದ ಒಂದು ಕಾರ್ಡು ಬಂತು. ಸಮಿತಿಯ ಚರ್ಚೆಗಳು ಗೌಪ್ಯ, ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ತಾವು ತೋರಿದ ಆಸಕ್ತಿಗೆ ವಂದನೆ ಎಂದಿತ್ತು. ಆಸಕ್ತಿ! ಇರಲಿ, ವಂದನೆಗೆ ಪ್ರತಿವಂದನೆ.

ಹೀಗಾಗಿ ಎರಡನೆಯ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ತೊಂಬತ್ತು ಕನ್ನಡ ಮನೆಗಳಿಗೆ ಹೋಗುವ, ಇಲ್ಲಿನ ಕನ್ನಡ ಕೂಟದ ಕಾರ್ಯದರ್ಶಿ ತಾನು ಕೆಲಸ ಮಾಡುವ ಆಫೀಸಿನ ಜೆರಾಕ್ಸ್ ಮೆಷಿನ್ನಿನಲ್ಲಿ ಕದ್ದು ಮುದ್ರಿಸುವ ಪತ್ರಿಕೆಯಲ್ಲಿ ಇದು ಬರುತ್ತದೆ. ತಮಗೆ ಅರ್ಥವಾಗುವುದಿಲ್ಲ ಎಂದು ಬಲ್ಲೆ. ತಮ್ಮ ತೀರ್ಮಾನವೂ ನನಗೆ ಅರ್ಥವಾಗಲಿಲ್ಲ. ಅಲ್ಲಿಗೆ ಸರಿಸಮವಾಯಿತು.

ಕಾಲೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೇವರ್ಡ್ ಕಡೆಯವರಿಗೆ ಗೊತ್ತು. ತಮಗೆ ಗೊತ್ತಿದ್ದಿದ್ದರೆ ಪಟ್ಟಿಯಲ್ಲೇ ಇರುತ್ತಿತ್ತು. ಸಾವಿರದ ಎಂಟುನೂರು ಜನ ಕೂರುವ ಹಳೆಯ ಜಿಮ್ಮು, ಹೀಟರು ಕೆಲಸ ಮಾಡಿದರೆ ಅದೃಷ್ಟ. ಟಿ.ವಿ.ಯವರು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಏಳು ವರ್ಷದಿಂದ ಅಲ್ಲಿನ ಒಂದು ಆಟವನ್ನೂ ನಾನು ತಪ್ಪಿಸಿಲ್ಲ. ಹೊಟ್ಟೆಪಾಡಿಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಯೋಟೆಕ್ ಲ್ಯಾಬಿನಲ್ಲಿ ಅಂಕಿಅಂಶ ನೋಡುವವನು ನಾನು. ಯಾವ ಔಷಧ ಎಷ್ಟು ಜನರಲ್ಲಿ ಕೆಲಸ ಮಾಡಿತು, ಅದು ನಿಜವೋ ಕಾಕತಾಳೀಯವೋ ಎಂದು ಹೇಳುವುದು ನನ್ನ ಕೆಲಸ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ಆಟಕ್ಕೆ ನನ್ನ ಜೊತೆ ಬರುತ್ತಿದ್ದವರು ಸಿದ್ರಾಮಪ್ಪ ಮಾಸ್ತರು. ಗದಗಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಮಾಸ್ತರಾಗಿದ್ದವರು. ರಿಟೈರಾದ ಮೇಲೆ ಮಗಳು ನೀಲವ್ವ, ಅಳಿಯ ಅಡಿವೆಪ್ಪ ಇರುವ ಇಲ್ಲಿಗೆ ಬಂದು, ನಮ್ಮದೇ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿದ್ದರು. ಇಂಗ್ಲಿಷ್ ಅವರಿಗೆ 'ಅಟೆನ್ಶನ್', 'ಸ್ಟ್ಯಾಂಡ್ ಅಟ್ ಈಸ್'ಗಿಂತ ಮುಂದೆ ಹೋಗಿರಲಿಲ್ಲ. ಆದರೆ ಮಣ್ಣಿನ ಅಂಗಳದಲ್ಲಿ ಹುಡುಗರಿಗೆ ಬಾಸ್ಕೆಟ್‌ಬಾಲ್ ಕಲಿಸಿದ್ದ ಮನುಷ್ಯ. ಮೊದಲನೆಯ ದಿನವೇ ಜಿಮ್ಮಿನಲ್ಲಿ ಐದು ನಿಮಿಷ ಸುಮ್ಮನೆ ಕೂತು ನೋಡಿ, ಏಳನೇ ನಂಬರಿನ ಹುಡುಗ ಬಲಕ್ಕೆ ಮಾತ್ರ ತಿರುಗುತ್ತಾನೆ, ಎದುರಿನವರಿಗೆ ಅದು ಗೊತ್ತಾಗಿದೆ, ಕೋಚಿಗೆ ಗೊತ್ತಾಗಿಲ್ಲ ಎಂದರು. ಮುಂದಿನ ವಾರ ಕೋಚಿಗೂ ಗೊತ್ತಾಯಿತು, ಸೋತ ಮೇಲೆ.

ನಾನು ಆಟ ನೋಡುವುದಕ್ಕಿಂತ ಬರೆದುಕೊಳ್ಳುವುದು ಹೆಚ್ಚು. ಮಾಸ್ತರು ನನ್ನ ನೋಟ್‌ಬುಕ್ ನೋಡಿ ನಗುತ್ತಿದ್ದರು. ತಲೆ ಎತ್ತೋ, ಆಟ ಅಲ್ಲಿ ನಡೆದೈತಿ ಎನ್ನುತ್ತಿದ್ದರು. ನಾನು ಎತ್ತುತ್ತಿರಲಿಲ್ಲ.

ಯಾರು ಟೂರ್ನಮೆಂಟಿಗೆ ಹೋಗುತ್ತಾರೆ ಎಂದು ಲೆಕ್ಕ ಹಾಕುವ ಹುಚ್ಚು ನನಗೆ ಅಂಟಿ ಐದು ವರ್ಷವಾಯಿತು. ದೇಶದಲ್ಲಿ ಇನ್ನೂರ ಎಂಬತ್ತಕ್ಕೂ ಹೆಚ್ಚು ತಂಡ, ತಮ್ಮಲ್ಲಿ ಜಾಗ ಅರವತ್ತನಾಲ್ಕು. ಅದರಲ್ಲಿ ಸುಮಾರು ಅರ್ಧ ತಂತಮ್ಮ ಲೀಗ್ ಗೆದ್ದವರ ಪಾಲು. ಉಳಿದದ್ದು ತಮ್ಮ ಕೃಪೆ. ನಾನು ಕಾಲೇಜುಗಳ ಕ್ರೀಡಾ ಕಚೇರಿಗಳಿಗೆ ಪೋಸ್ಟ್‌ಕಾರ್ಡು ಬರೆದು ಆಟದ ವೇಳಾಪಟ್ಟಿ ತರಿಸಿಕೊಂಡೆ. ಪ್ರತಿ ಭಾನುವಾರ ಲೈಬ್ರರಿಗೆ ಹೋಗಿ ಬೇರೆ ಊರಿನ ಪೇಪರುಗಳಿಂದ ಫಲಿತಾಂಶ ಇಳಿಸಿಕೊಂಡೆ. ನಾವು ಎಷ್ಟು ಗೆದ್ದೆವು, ನಾವು ಸೋಲಿಸಿದವರು ಎಷ್ಟು ಗೆದ್ದರು, ಅವರು ಸೋಲಿಸಿದವರು ಎಷ್ಟು ಗೆದ್ದರು ಎಂದು ಮೂರು ಮೆಟ್ಟಿಲಿನ ಲೆಕ್ಕ. ತಮ್ಮ ಬಳಿಯೂ ಇಂಥದೇ ಒಂದು ಸೂತ್ರ ಇದೆಯಂತೆ, ಅದನ್ನು ಹೊರಗೆ ತೋರಿಸುವುದಿಲ್ಲವಂತೆ. ಯಾಕೆ ಸ್ವಾಮಿ? ಅದೇನು ಅಣುಬಾಂಬಿನ ನಕ್ಷೆಯೇ? ಈ ವರ್ಷ ಫೆಬ್ರವರಿ ಕೊನೆಗೆ ನಮ್ಮ ತಂಡ ನನ್ನ ಪಟ್ಟಿಯಲ್ಲಿ ಮೂವತ್ತೆಂಟನೆಯದಾಗಿತ್ತು. ಒಳಗೆ ಹೋಗುವ ಸಾಧ್ಯತೆ ತೊಂಬತ್ತು ಪರ್ಸೆಂಟ್ ಎಂದು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಲ್ಯಾಬಿನಲ್ಲಿ ಇದೇ ಮಾತು ಹೇಳಿದ್ದರೆ ನನ್ನ ಬಾಸು ಕೂಡಲೇ, ಉಳಿದ ಹತ್ತು ಏನು ಎಂದು ಕೇಳುತ್ತಿದ್ದಳು. ಮನೆಯಲ್ಲಿ ಯಾರೂ ಕೇಳಲಿಲ್ಲ.

ಈಗ ಬೇರೆ ವಿಷಯ. ಬೇರೆ ಅಲ್ಲ, ಅದೇ ವಿಷಯ.

ಜನವರಿಯಲ್ಲಿ ಮಾಸ್ತರಿಗೆ ಊಟ ಸೇರದಾಯಿತು. ಪರೀಕ್ಷೆಗಳಾದವು. ಅದು ಮೇದೋಜೀರಕ ಗ್ರಂಥಿಯ ಕ್ಯಾನ್ಸರು, ಎಲ್ಲ ಕಡೆ ಹರಡಿದೆ ಎಂದು ಡಾಕ್ಟರು ಮೊದಲು ಅಡಿವೆಪ್ಪನಿಗೆ ಫೋನಿನಲ್ಲಿ ಹೇಳಿದರು. ಆ ಸಂಜೆ ನೀಲವ್ವನ ಅಡುಗೆಮನೆಯಲ್ಲಿ ಅವಳು, ಅಡಿವೆಪ್ಪ, ನನ್ನ ಹೆಂಡತಿ ಶೈಲಜಾ, ನಾನು ನಾಲ್ವರು ಕೂತೆವು. ಅವರಿಗೆ ಹೇಳುವುದು ಬೇಡ ಎಂದು ತೀರ್ಮಾನಿಸಿದೆವು. ನಮ್ಮ ಕಡೆ ಹೀಗೇ ಮಾಡುತ್ತಾರೆ. ಕೇಳಿದರೆ ಎದೆ ಒಡೆದುಕೊಳ್ಳುತ್ತಾರೆ, ನಾಲ್ಕು ದಿನ ಇರುವವರು ಎರಡೇ ದಿನ ಇರುತ್ತಾರೆ ಎಂದು ನಂಬುತ್ತಾರೆ. ಬಾಗಿಲು ಹಾಕಿಕೊಂಡೇ ಕೂತಿದ್ದೆವು, ಮಾನ್ಯರೇ. ಪಕ್ಕದ ಕೋಣೆಯಲ್ಲಿ ಮಾಸ್ತರು ಟಿ.ವಿ. ನೋಡುತ್ತಿದ್ದರು.

ಫೆಬ್ರವರಿ ಇಪ್ಪತ್ತಾರಕ್ಕೆ ಡಾಕ್ಟರ ಬಳಿ ಹೋಗಬೇಕಿತ್ತು. ಅಡಿವೆಪ್ಪನಿಗೂ ನೀಲವ್ವನಿಗೂ ರಜೆ ಸಿಗಲಿಲ್ಲ. ಡಾಕ್ಟರ ಮಾತನ್ನು ಕನ್ನಡಕ್ಕೆ ಮಾಡಿ ಹೇಳಲು ನಾನು ಹೋದೆ. ಡಾಕ್ಟರು ಕುರ್ಚಿಯನ್ನು ಮಾಸ್ತರ ಹತ್ತಿರಕ್ಕೆ ಎಳೆದುಕೊಂಡು, ಅವರ ಮುಖವನ್ನೇ ನೋಡುತ್ತ ಮಾತಾಡಿದರು. ಇನ್ನು ಒಂದೆರಡು ತಿಂಗಳು ಇರಬಹುದು, ಅಷ್ಟೂ ಇರದಿರಬಹುದು ಎಂದರು. ಈಗ ಮೈಯಲ್ಲಿ ಸ್ವಲ್ಪ ತ್ರಾಣ ಇದೆ, ಮನಸ್ಸಿಗೆ ಬಂದದ್ದನ್ನೆಲ್ಲ ಮಾಡಿ ಎಂದರು. ಆಟ ಅಂದರೆ ಇಷ್ಟವಂತಲ್ಲ, ಹೋಗಿ, ನಾನು ಬೇಡ ಅನ್ನುವುದಿಲ್ಲ ಎಂದರು.

ಮಾಸ್ತರು ನನ್ನ ಕಡೆ ತಿರುಗಿದರು. ನಾನು ಹೇಳಿದೆ: "ಹೊಟ್ಟೇಲಿ ಹುಣ್ಣಾಗಿದೆಯಂತೆ ಮಾಸ್ತರೇ. ವಾಸಿ ಆಗೋಕೆ ಟೈಮ್ ಹಿಡಿಯುತ್ತೆ. ರೆಸ್ಟ್ ತಗೋಬೇಕಂತೆ."

ತಿಂಗಳುಗಳನ್ನು ಬಚ್ಚಿಡಲು ನನಗೆ ಅಪ್ಪಣೆಯಿತ್ತು. ಆಟಕ್ಕೆ ಹೋಗಬಹುದು ಎಂಬುದನ್ನು ಬಚ್ಚಿಡಿ ಎಂದು ಯಾರೂ ನನಗೆ ಹೇಳಿರಲಿಲ್ಲ. ಅದು ನನ್ನದೇ ಕೆಲಸ. ಅದನ್ನು ನಾನು ಇವತ್ತಿನವರೆಗೆ ನೀಲವ್ವನಿಗೂ ಹೇಳಿಲ್ಲ, ಶೈಲಜಾಗೂ ಹೇಳಿಲ್ಲ.

ಯಾಕೆ ಹಾಗೆ ಮಾಡಿದೆ? ಮಾರ್ಚ್ ೧ರ ಶನಿವಾರ ನಮ್ಮ ಜಿಮ್ಮಿನಲ್ಲಿ ವರ್ಷದ ಕೊನೆಯ ಆಟವಿತ್ತು. ಡಾಕ್ಟರ ಬಳಿಯಿಂದ ಮನೆಗೆ ಬಂದು ಕಾರಿನಿಂದ ಇಳಿಯುವಾಗಲೇ ಮಾಸ್ತರು ಕೇಳಿದರು: "ಶನಿವಾರ ಆಟಕ್ಕ ಹೋಗೂಣಲ್ಲೋ?" ಆ ಜಿಮ್ಮಿನ ಚಳಿ, ಗಟ್ಟಿ ಬೆಂಚು, ಅರವತ್ತು ಮೆಟ್ಟಿಲು ನನ್ನ ಕಣ್ಣೆದುರು ಬಂದವು. ಗೋಡೆಯ ಮೇಲಿನ ತೊಂಬತ್ತೂ ಬಂತು. ಇದೊಂದು ಬಿಡಿ ಮಾಸ್ತರೇ, ಹದಿನೈದು ದಿನದಲ್ಲಿ ನಮ್ಮವರು ಟೂರ್ನಮೆಂಟಿನಲ್ಲಿ ಆಡುತ್ತಾರೆ, ದೇಶವೆಲ್ಲ ಟಿ.ವಿ.ಯಲ್ಲಿ ನೋಡುತ್ತದೆ, ನೀವು ಹಾಸಿಗೆ ಮೇಲೆ ಒರಗಿಕೊಂಡೇ ನೋಡಬಹುದು ಎಂದೆ. ಪಕ್ಕಾ ಏನು ಎಂದು ಕೇಳಿದರು. ಪಕ್ಕಾ ಎಂದೆ. ಹಂಗಾರ ಬಿಡು, ಈ ಶನಿವಾರ ಇಲ್ಲಂದ್ರ ಮುಂದಿನ ವರ್ಷ ಐತಲ್ಲ ಎಂದು ಮನೆ ಬಾಗಿಲಿನ ಕಡೆ ನಡೆದರು. ಮುಂದಿನ ವರ್ಷ ಇದೆ ಎಂದುಕೊಳ್ಳುವಂತೆ ಮಾಡಿದವರು ನಾವೇ.

ಶನಿವಾರ ನಾನೊಬ್ಬನೇ ಹೋದೆ. ನಾಚಿಕೆಯಿಲ್ಲದೆ ಹೋದೆ. ಗೆದ್ದೆವು. ವಾಪಸು ಬಂದು ಮಾಸ್ತರ ಹಾಸಿಗೆ ಪಕ್ಕ ಕೂತು ಎಲ್ಲ ಹೇಳಿದೆ: ಯಾರಿಗೆ ಎಷ್ಟು ಪಾಯಿಂಟು, ಯಾರದು ಎಷ್ಟು ಫೌಲು. ಅವರು ಕೇಳಿದ್ದು ಬೇರೆ. ಆ ಉದ್ದನೆ ಹುಡುಗ ಹಾರುವಾಗ ಈಗಲೂ ಬಲಗಾಲಿಗೆ ಭಾರ ಕೊಡಲು ಹೆದರುತ್ತಾನೋ? ಸಣ್ಣವನು ಬಾಲು ಕೊಡುವ ಮುಂಚೆ ಕಣ್ಣಲ್ಲೇ ದಾರಿ ತೋರಿಸಿಬಿಡುತ್ತಾನಲ್ಲ, ಆ ಚಾಳಿ ಬಿಟ್ಟನೋ? ನನಗೆ ಗೊತ್ತಿರಲಿಲ್ಲ. ನಾನು ಬರೆದುಕೊಳ್ಳುತ್ತಿದ್ದೆ. ಹೌದು, ಬಿಟ್ಟ ಎಂದೆ. ಅದೂ ಸುಳ್ಳು.

ಮುಂದಿನ ವಾರ ಲೀಗಿನ ಪಂದ್ಯಾವಳಿಯಲ್ಲಿ ನಮ್ಮವರು ಎರಡು ಪಾಯಿಂಟಿನಿಂದ ಸೋತರು. ಲೀಗಿನ ಜಾಗ ಹೋಯಿತು, ತಮ್ಮ ಕೃಪೆಯೊಂದೇ ಉಳಿಯಿತು. ನನ್ನ ತೊಂಬತ್ತು ಎಂಬತ್ತಕ್ಕಿಳಿಯಿತು. ಗೋಡೆಯ ಮೇಲಿನದನ್ನು ನಾನು ತಿದ್ದಲಿಲ್ಲ.

ಮಾರ್ಚ್ ೯ರಂದು ನಾವೆಲ್ಲ ನೀಲವ್ವನ ಮನೆಯಲ್ಲಿ ಟಿ.ವಿ. ಮುಂದೆ ಸೇರಿದೆವು. ಮಾಸ್ತರು ದಿಂಬುಗಳ ನಡುವೆ ಕೂತಿದ್ದರು, ಇಸ್ತ್ರಿ ಮಾಡಿದ ಅಂಗಿ ಕೇಳಿ ಹಾಕಿಸಿಕೊಂಡಿದ್ದರು. ತಂಡಗಳ ಹೆಸರು ಒಂದೊಂದೇ ಬಂದವು. ಅರವತ್ತನಾಲ್ಕೂ ಮುಗಿದವು. ನನ್ನ ಒಳಗೆ ಏನೂ ಆಗಲಿಲ್ಲ, ಅದನ್ನೇ ಹೇಳಬೇಕು. ಸಿಟ್ಟು ಬರಲಿಲ್ಲ, ದುಃಖ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿದಾಗ ಕೆನ್ನೆ ಇರುತ್ತದಲ್ಲ, ಹಾಗಿತ್ತು. ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ.

ಯಾಕಂತೆ ಎಂದು ಮಾಸ್ತರು ಕೇಳಿದರು. ಕಾರಣ ಹೇಳುವುದಿಲ್ಲವಂತೆ ಎಂದೆ. ನಿನ್ನೆಯೇ ಗೊತ್ತಿತ್ತೇನು ಅವರಿಗೆ ಎಂದರು. ಬಹುಶಃ ಗೊತ್ತಿತ್ತು ಎಂದೆ. ಮಾಸ್ತರು ಆಟಗಾರ ಹುಡುಗರನ್ನು ನೆನೆದುಕೊಂಡು ಹೇಳಿದರು:

"ಆ ಹುಡುಗೂರು ಟೀವಿ ಮುಂದ ಕುಂತಿರತಾರ ಪಾಪ, ನಮ್ಮಂಗ. ಇಲ್ಲಂದ್ರ ಇಲ್ಲ ಅಂತ ಮೊದಲ ಹೇಳಬೇಕಿತ್ತಪಾ. ಹೇಳಿದ್ರ ಮನಶ್ಯಾ ಗಟ್ಟಿ ಆಗತಾನ."

ನೀಲವ್ವ ಎದ್ದು ಅಡುಗೆಮನೆಗೆ ಹೋದಳು. ನಾನು ಟಿ.ವಿ. ಆರಿಸಿದೆ.

೧೩ರ ಗುರುವಾರ ಟೂರ್ನಮೆಂಟು ಶುರುವಾಯಿತು. ಮಾಸ್ತರಿಗೆ ಅಂದು ಎಚ್ಚರವಿತ್ತು, ಮಾತೂ ಇತ್ತು. ನಾವು ಎರಡು ಸಲ ಸೋಲಿಸಿದ್ದ ಆ ತಂಡದ ಆಟವನ್ನು ಅವರು ಒರಗಿಕೊಂಡು ಪೂರ್ತಿ ನೋಡಿದರು. ನನ್ನ ಯೋಜನೆಯಲ್ಲಿ ತಪ್ಪೇನೂ ಇರಲಿಲ್ಲ ನೋಡಿ: ದಿನ ಸರಿ, ಹಾಸಿಗೆ ಸರಿ, ಟಿ.ವಿ. ಸರಿ. ತಂಡವೊಂದೇ ಬೇರೆ. ೧೯ರ ಬುಧವಾರ ಬೆಳಿಗ್ಗೆ ಮಾಸ್ತರು ತೀರಿಕೊಂಡರು.

ಈಗ ತಮ್ಮನ್ನು ಬೈಯಬೇಕು ಎಂದು ಕೂತರೆ ಪೆನ್ನು ಓಡುವುದಿಲ್ಲ. ತಾವು ಒಂಬತ್ತು ಜನ ದೂರದ ಹೋಟೆಲಿನಲ್ಲಿ ಕೂತಿರಿ, ನಾವು ನಾಲ್ಕು ಜನ ಅಡುಗೆಮನೆಯಲ್ಲಿ ಕೂತೆವು. ಎರಡೂ ಕಡೆಯವರು ಒಳ್ಳೆಯದಕ್ಕೇ ಕೂತೆವು. ಯಾರ ವಿಷಯವೋ ಅವರನ್ನು ಹೊರಗೇ ಬಿಟ್ಟೆವು. ಗೌಪ್ಯ ಎಂಬ ಮಾತನ್ನು ತಾವು ಕಾರ್ಡಿನಲ್ಲಿ ಅಚ್ಚು ಹಾಕಿಸುತ್ತೀರಿ, ನಾವು ಅದನ್ನು ಪ್ರೀತಿ ಅನ್ನುತ್ತೇವೆ. ತಮ್ಮ ಮೇಲೆ ನನಗೆ ಇರಬೇಕಾದ ಸಿಟ್ಟಿನಲ್ಲಿ ಅರ್ಧ ನನ್ನ ಬಾಗಿಲಿಗೇ ಬಂದು ನಿಲ್ಲುತ್ತದೆ. ಉಳಿದರ್ಧ ಮಾತ್ರ ತಮ್ಮದು. ಅದನ್ನು ದಯವಿಟ್ಟು ಸ್ವೀಕರಿಸಿ. ಎರಡು ಸಲ ಸೋತವನನ್ನು ಒಳಗೆ ಕರೆದು ಗೆದ್ದವನನ್ನು ಹೊರಗಿಡುವ ಸೂತ್ರ ಯಾವುದು? ಜಿಮ್ಮಿನಲ್ಲಿ ಹೀಟರಿಲ್ಲದಿದ್ದರೆ ಎಷ್ಟು ಅಂಕ ಕಳೆಯುತ್ತೀರಿ?

ಹೋದ ಭಾನುವಾರ ನೀಲವ್ವ ಮೇಲೆ ಬಂದಿದ್ದಳು. ಅಪ್ಪನ ಹಳೆಯ ಡ್ರಿಲ್ ವಿಸಿಲ್ಲನ್ನು ನನಗೆ ಕೊಟ್ಟು, ಬಾಗಿಲಲ್ಲೇ ನಿಂತು ಕೇಳಿದಳು: "ಅಣ್ಣಾರ, ಆ ಶನಿವಾರ ಅಪ್ಪಾರನ್ನ ಕರಕೊಂಡು ಹೋಗಿದ್ರ ಏನರ ಆಗತಿತ್ತೇನ್ರೀ? ಡಾಕ್ಟರ್ ಬ್ಯಾಡ ಅಂದಿದ್ರಲ್ಲ?"

ಟೀ ಕುಡೀತೀಯಾ ಎಂದು ಕೇಳಿದೆ.

ಡಾಕ್ಟರು ಬೇಡ ಅಂದಿರಲಿಲ್ಲ, ನೀಲವ್ವ. ಅದು ಮೇಲೆ ಬರೆದಿದೆ. ಈ ಪತ್ರಿಕೆ ನಿನ್ನ ಮನೆಗೂ ಬರುತ್ತದೆ ಎಂದು ಗೊತ್ತಿದ್ದೇ ಬರೆದಿದ್ದೇನೆ. ಎದುರು ನಿಂತು ಹೇಳುವ ಧೈರ್ಯ ಸಾಲಲಿಲ್ಲ.

ಮಾನ್ಯರೇ, ಇನ್ನು ನನ್ನ ಬೇಡಿಕೆ. ನಮ್ಮ ತಂಡವನ್ನು ಸೇರಿಸಿಕೊಳ್ಳಿ ಎನ್ನುತ್ತಿಲ್ಲ, ಕ್ಷಮೆ ಕೇಳಿ ಎನ್ನುತ್ತಿಲ್ಲ. ತಮ್ಮ ಪಟ್ಟಿಯಲ್ಲಿ ನಾವು ಎಷ್ಟನೆಯವರಾಗಿದ್ದೆವು ಎಂಬ ಒಂದು ಸಂಖ್ಯೆ ಕಳಿಸಿ, ಸಾಕು. ಅರವತ್ತೈದು ಎಂದಾದರೆ ನನ್ನ ಲೆಕ್ಕ ಸರಿಯಿತ್ತು, ಕೂದಲೆಳೆಯಲ್ಲಿ ತಪ್ಪಿತು. ನೂರ ಹತ್ತು ಎಂದಾದರೆ, ಆ ಹುಡುಗರಿಗೆ ಅವಕಾಶವೇ ಇರಲಿಲ್ಲ, ನಡೆಯಲು ತ್ರಾಣವಿದ್ದ ಮನುಷ್ಯನನ್ನು ನಾನು ಸುಮ್ಮನೆ ಮನೆಯಲ್ಲಿ ಕೂರಿಸಿದೆ. ಯಾವುದು ಬರಲಿ ಎಂದು ನನಗೇ ಗೊತ್ತಿಲ್ಲ. ತಮ್ಮ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಅದನ್ನು ಕೆಳಗಿನ ಮನೆಗೆ ತೆಗೆದುಕೊಂಡು ಹೋಗಿ, ನೀಲವ್ವನ ಎದುರು ಕೂತು, ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳುತ್ತೇನೆ.

ಇಂತಿ,
ತೊಂಬತ್ತು ಪರ್ಸೆಂಟ್ ಪಕ್ಕಾ ಇದ್ದ
ದ್ವಾರಕಾನಾಥ
ಹೇವರ್ಡ್, ಏಪ್ರಿಲ್ ೧೯೮೬